ನಿಮ್ಮ ರೆಸ್ಯೂಮ್ ಸೈಟಿನ ಕೋಡ್ ಪಬ್ಲಿಕ್ ಇದೆಯಾ? ಹಾಗಿದ್ರೆ ಅದರ ರೀಡ್‌ಮಿ ಹೀಗಿರಲಿ

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಬಂತು. "ಸರ್, ಜಾವಾ ಡೆವಲಪರ್ ಕೆಲಸಕ್ಕೆ ನಿಮ್ಮ ಪ್ರೊಫೈಲ್ ನೋಡಿದ್ವಿ. ನೋಟಿಸ್ ಪೀರಿಯಡ್ ಎಷ್ಟು?" ನಾನು ಕಾಲೇಜು ಬಿಟ್ಟ ಮೇಲೆ ಜಾವಾ ಮುಟ್ಟಿಯೇ ಇಲ್ಲ. ಯಾರ ಪ್ರೊಫೈಲ್ ಅಂತ ಕೇಳಿದೆ. ಅವರು ಹೇಳಿದ ಹೆಸರು ನನ್ನದಲ್ಲ. ಸೈಟಿನ ಲಿಂಕ್ ಕಳಿಸಿ ಅಂದೆ. ತೆರೆದು ನೋಡಿದರೆ ನನ್ನದೇ ಸೈಟ್! ಅದೇ ನೀಲಿ ಪಟ್ಟಿ, ಅದೇ ಫಾಂಟ್. ಯಾರೋ ನಕಲು ಮಾಡಿಕೊಂಡು ಹೆಸರು, ಕಾಲೇಜು, ಕೆಲಸ ಎಲ್ಲ ಬದಲಿಸಿದ್ದರು. ಪುಟದ ಅಡಿಯಲ್ಲಿದ್ದ ಫೋನ್ ನಂಬರ್ ಮಾತ್ರ ಹಾಗೇ ಬಿಟ್ಟಿದ್ದರು.

ಬೈಯೋಣ ಅನ್ನಿಸಿತು. ಆದರೆ ನನ್ನ ರೆಪೊ, ಅಂದರೆ ಸೈಟಿನ ಕೋಡ್ ಇಟ್ಟ ಜಾಗ, ತೆರೆದು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಆ ನಂಬರ್ ಮೂರು ಬೇರೆ ಬೇರೆ ಫೈಲಿನಲ್ಲಿತ್ತು. ಎಲ್ಲಿ ಏನು ಬದಲಿಸಬೇಕು ಅಂತ ನಾನು ಎಲ್ಲೂ ಬರೆದಿರಲಿಲ್ಲ. ಕೋಡ್ ನೋಡೋಕೆ ಬಂದವರಿಗೆ ಅಂತ ಬರೆದಿಡುವ ರೀಡ್‌ಮಿ ಫೈಲಿನಲ್ಲಿ ಇದ್ದದ್ದು ಒಂದೇ ಸಾಲು: "ನನ್ನ ರೆಸ್ಯೂಮ್ ಸೈಟ್."

ಒಂದು ಕ್ಯಾಲ್ಕುಲೇಟರ್ ಆ್ಯಪ್‌ನ ಕೋಡ್ ತೆರೆದಿಟ್ಟರೆ ಹೊರಗೆ ಹೋಗೋದು ಕೋಡ್ ಮಾತ್ರ. ರೆಸ್ಯೂಮ್ ಸೈಟಿನ ಕೋಡಿನೊಳಗೆ ನಾವೇ ಕೂತಿರುತ್ತೇವೆ. ಹಾಗಾಗಿ ಇಲ್ಲಿ ಡಾಕ್ಯುಮೆಂಟೇಶನ್‌ನ ಮೊದಲ ಕೆಲಸ ಹೇಗೆ ಓಡಿಸಬೇಕು ಅಂತ ಹೇಳುವುದಲ್ಲ. ಯಾವುದು ತಗೊಂಡು ಹೋಗಬಹುದಾದ ಕೋಡ್, ಯಾವುದು ನನ್ನ ಸ್ವಂತದ್ದು ಅಂತ ಗೆರೆ ಎಳೆಯುವುದು.

ಉದಾಹರಣೆಗೆ ನಾನು ಜೆಕಿಲ್‌ನಲ್ಲಿ (ಬರಹದ ಫೈಲುಗಳಿಂದ ಸೈಟ್ ಕಟ್ಟಿಕೊಡುವ ಟೂಲ್) ಕಟ್ಟಿ ಗಿಟ್‌ಹಬ್ ಪೇಜಸ್‌ಗೆ (ಕೋಡ್ ಇಡುವ ಗಿಟ್‌ಹಬ್‌ನದೇ ಸೈಟ್ ಹೋಸ್ಟಿಂಗ್ ಸೇವೆ) ಹಾಕಿದ ಸೈಟನ್ನು ತಗೊಂಡಿದ್ದೇನೆ. ದುಡ್ಡು ಖರ್ಚಿಲ್ಲ. ಉಚಿತ ಖಾತೆಯಲ್ಲಿ ಪೇಜಸ್ ಬೇಕು ಅಂದ್ರೆ ರೆಪೊ ಪಬ್ಲಿಕ್ ಇರಲೇಬೇಕು. ನಿಜ ಹೇಳಬೇಕೆಂದರೆ ನಮ್ಮಲ್ಲಿ ಅನೇಕರ ಕೋಡ್ ತೆರೆದಿರೋದು ಓಪನ್ ಸೋರ್ಸ್ ಮೇಲಿನ ಪ್ರೀತಿಗಲ್ಲ, ಈ ನಿಯಮಕ್ಕೆ! ಜೆಕಿಲ್ ಅನ್ನು 2008ರಲ್ಲಿ ಬರೆದವರು ಗಿಟ್‌ಹಬ್ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್ ವರ್ನರ್. ಅದಕ್ಕೇ ಪೇಜಸ್‌ಗೆ ಜೆಕಿಲ್ ಮನೆಮಗನಿದ್ದ ಹಾಗೆ. ನೀವು ಬೇರೆ ಯಾವುದರಲ್ಲಿ ಕಟ್ಟಿದ್ದರೂ ಮುಂದೆ ಹೇಳುವ ಬಹುಪಾಲು ಮಾತು ಹೊಂದುತ್ತದೆ.

ಇನ್ನೊಂದು ವಿಷಯ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಬೇಕು, ಗೊತ್ತಲ್ಲ.

ಮೊದಲು ಬರೆಯಬೇಡಿ, ಹುಡುಕಿ

ರೀಡ್‌ಮಿ ಬರೆದರೆ ಜನ ರೆಪೊ ನೋಡೋಕೆ ಶುರು ಮಾಡುತ್ತಾರೆ. ನೆಂಟರು ಬರುವ ಮೊದಲು ಹಾಲ್‌ನಲ್ಲಿ ಒಣಹಾಕಿದ ಬಟ್ಟೆ ತೆಗೀತೀವಲ್ಲ, ಹಾಗೆ ಮೊದಲು ಒಂದು ಸುತ್ತು ನೋಡಿ ಬನ್ನಿ.

ಎಡಿಟರ್‌ನಲ್ಲಿ ಇಡೀ ಫೋಲ್ಡರ್ ತೆರೆದು ಇವನ್ನು ಹುಡುಕಿ: ನಿಮ್ಮ ಮೊಬೈಲ್ ನಂಬರ್, ಮನೆಯ ಪಿನ್ ಕೋಡ್, ಹುಟ್ಟಿದ ವರ್ಷ, ತಂದೆ ತಾಯಿಯ ಹೆಸರು. ನಮ್ಮಲ್ಲಿ ರೆಸ್ಯೂಮ್ ಅಂದರೆ ಇನ್ನೂ ಎಷ್ಟೋ ಜನಕ್ಕೆ ಜೆರಾಕ್ಸ್ ಅಂಗಡಿಯ ಬಯೋಡೇಟಾನೇ. ತಂದೆಯ ಹೆಸರು, ಹುಟ್ಟಿದ ದಿನ, ಮದುವೆ ಆಗಿದೆಯೋ ಇಲ್ಲವೋ, ಖಾಯಂ ವಿಳಾಸ, ಕೊನೆಗೆ "ಮೇಲಿನ ಮಾಹಿತಿ ನನಗೆ ತಿಳಿದಂತೆ ಸತ್ಯ" ಅಂತ ಬರೆದು ಒಂದು ಸಹಿ. ಆ ಫಾರ್ಮ್ಯಾಟನ್ನೇ ಸೈಟಿಗೆ ಇಳಿಸಿದವರನ್ನು ನೋಡಿದ್ದೇನೆ. ಸ್ಕ್ಯಾನ್ ಮಾಡಿದ ಸಹಿಯ ಚಿತ್ರ ಸಮೇತ! ಕಾಗದದ ಬಯೋಡೇಟಾ ಒಬ್ಬರ ಮೇಜಿಗೆ ಹೋಗುತ್ತದೆ. ಪಬ್ಲಿಕ್ ರೆಪೊ ಊರಿಗೆಲ್ಲ ಹೋಗುತ್ತದೆ. ಸಹಿ, ವಿಳಾಸ, ಹುಟ್ಟಿದ ದಿನ ಮೂರನ್ನೂ ತೆಗೆಯಿರಿ. ಸಂಪರ್ಕಕ್ಕೆ ಒಂದು ಇಮೇಲ್ ಸಾಕು. ಅದೂ ಕೆಲಸ ಹುಡುಕೋಕೆ ಅಂತಲೇ ಇಟ್ಟ ಬೇರೆ ಇಮೇಲ್ ಆದರೆ ಒಳ್ಳೆಯದು.

ಚಿತ್ರಗಳ ಫೋಲ್ಡರನ್ನೂ ಬಿಡಬೇಡಿ. ಮೊಬೈಲ್‌ನಲ್ಲಿ ತೆಗೆದ ಫೋಟೊದೊಳಗೆ ಅದನ್ನು ತೆಗೆದ ಜಾಗದ ಅಕ್ಷಾಂಶ ರೇಖಾಂಶ ಇರಬಹುದು. ಮನೆ ಮಹಡಿ ಮೇಲೆ ನಿಂತು ತೆಗೆಸಿದ ಫೋಟೊ ಅಂದರೆ ಮನೆಯ ವಿಳಾಸ ಕೊಟ್ಟ ಹಾಗೇ. ಪಿಡಿಎಫ್‌ನ ಪ್ರಾಪರ್ಟೀಸ್ ಕೂಡ ತೆರೆದು ನೋಡಿ. ಅದನ್ನು ಯಾರ ಲ್ಯಾಪ್‌ಟಾಪ್‌ನಲ್ಲಿ ಮಾಡಿದಿರೋ ಅವರ ಹೆಸರು ಅಲ್ಲಿ ಕೂತಿರಬಹುದು. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ರೆಸ್ಯೂಮ್ ಮಾಡಿದವರಿಗೆ ಇದು ಇನ್ನೂ ಮುಜುಗರ, ಅಲ್ವಾ?

ಸರಿ, ಫೈಲ್ ಡಿಲೀಟ್ ಮಾಡಿ ಕಮಿಟ್ ಮಾಡಿದೆವು, ಅಂದರೆ ಬದಲಾವಣೆ ದಾಖಲಿಸಿದೆವು, ಮುಗೀತು. ಮುಗಿದಿಲ್ಲ. ಕೋಡಿನ ಬದಲಾವಣೆ ದಾಖಲಿಸುವ ಗಿಟ್ ಅನ್ನೋ ಟೂಲ್ ಇರೋದೇ ಹಳೆಯದನ್ನು ನೆನಪಿಟ್ಟುಕೊಳ್ಳೋಕೆ. ಹಿಸ್ಟರಿ ಒತ್ತಿದರೆ ನೀವು ಅಳಿಸಿದ ನಂಬರ್ ಕೆಂಪು ಬಣ್ಣದಲ್ಲಿ ಎದ್ದು ಕಾಣುತ್ತದೆ. ಅಳಿಸಿದ್ದು ಅಂತ ಗುರುತು ಹಾಕಿ ತೋರಿಸಿದ ಹಾಗೆ! ಹಿಸ್ಟರಿಯಿಂದಲೇ ಕಿತ್ತು ಹಾಕೋಕೆ ಗಿಟ್ ಫಿಲ್ಟರ್ ರೆಪೊ ಅನ್ನೋ ಟೂಲ್ ಇದೆ. ಆದರೆ ರೆಸ್ಯೂಮ್ ಸೈಟಿಗೆ ಅಷ್ಟು ಸರ್ಕಸ್ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಶುದ್ಧ ಮಾಡಿದ ಫೋಲ್ಡರನ್ನು ಹೊಸ ರೆಪೊಗೆ ಹಾಕಿ, ಹಳೆಯದನ್ನು ಡಿಲೀಟ್ ಮಾಡಿ. ನಿಮ್ಮ ರೆಸ್ಯೂಮ್ ಸೈಟಿನ ಹಳೆಯ ಕಮಿಟ್‌ಗಳಿಗಾಗಿ ಯಾರೂ ಕಣ್ಣೀರು ಹಾಕೋದಿಲ್ಲ. ಆದರೆ ಆಗಲೇ ಯಾರಾದರೂ ಫೋರ್ಕ್ (ರೆಪೊವನ್ನು ತಮ್ಮ ಖಾತೆಗೆ ನಕಲು) ಮಾಡಿಕೊಂಡಿದ್ದರೆ ಹಳೆಯದು ಅವರ ಬಳಿ ಉಳಿಯುತ್ತದೆ. ಪಾಸ್‌ವರ್ಡ್ ಅಥವಾ ಎಪಿಐ ಕೀ ಹೊರಗೆ ಹೋಗಿದ್ದರೆ ಅಳಿಸುವ ಮೊದಲು ಅದನ್ನು ಬದಲಿಸಿ. ಪಾಸ್‌ವರ್ಡ್ ಬದಲಿಸಬಹುದು. ಹುಟ್ಟಿದ ದಿನ ಬದಲಿಸೋಕಾಗುತ್ತಾ?

ಕಮಿಟ್‌ಗಳಲ್ಲಿ ನಿಮ್ಮ ಇಮೇಲ್ ಕೂಡ ಇರುತ್ತದೆ. ಗಿಟ್‌ಹಬ್ ಸೆಟ್ಟಿಂಗ್ಸ್‌ನ ಇಮೇಲ್ ಪುಟದಲ್ಲಿ ವಿಳಾಸ ಖಾಸಗಿಯಾಗಿಡಿ ಅನ್ನೋ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಅವರು ಒಂದು ನೋ ರಿಪ್ಲೈ ವಿಳಾಸ ಕೊಡುತ್ತಾರೆ. ಅದನ್ನೇ ನಿಮ್ಮ ಕಂಪ್ಯೂಟರಿನ ಗಿಟ್ ಕಾನ್ಫಿಗ್‌ಗೂ ಹಾಕಬೇಕು. ಇದನ್ನು ಹೊಸ ರೆಪೊದ ಮೊದಲ ಕಮಿಟ್‌ಗೂ ಮೊದಲೇ ಮಾಡಿ.

ಸ್ವಂತದ್ದನ್ನು ಒಂದೇ ಫೈಲಿಗೆ ತನ್ನಿ

ಡಾಕ್ಯುಮೆಂಟೇಶನ್ ಉದ್ದ ಆಗುತ್ತಿದೆ ಅಂದರೆ ಸಾಮಾನ್ಯವಾಗಿ ಕೋಡ್ ಗೋಜಲಾಗಿದೆ ಅಂತ ಅರ್ಥ. ನಂಬರ್ ಮೂರು ಕಡೆ ಇದ್ದರೆ ಮೂರು ಕಡೆಯ ಬಗ್ಗೆ ಬರೆಯಬೇಕು. ಒಂದೇ ಕಡೆ ಇದ್ದರೆ ಒಂದು ಸಾಲು ಸಾಕು.

ಜೆಕಿಲ್‌ನಲ್ಲಿ ಇದಕ್ಕೆ ಡೇಟಾ ಫೋಲ್ಡರ್ ಇದೆ. ಹೆಸರಿನ ಶುರುವಿನಲ್ಲೇ ಒಂದು ಅಂಡರ್‌ಸ್ಕೋರ್ ಬರುತ್ತದೆ. ಅದರಲ್ಲಿ ರೆಸ್ಯೂಮ್ ಅಂತ ಒಂದು ವೈಎಎಂಎಲ್ ಫೈಲ್ (ಮಾಹಿತಿಯನ್ನು ಖಾನೆ ಖಾನೆಯಾಗಿ ಬರೆದಿಡುವ ಪಠ್ಯದ ಫೈಲ್) ಮಾಡಿ, ಹೆಸರು, ಓದು, ಕೆಲಸ, ಪ್ರಾಜೆಕ್ಟ್ ಎಲ್ಲ ಅಲ್ಲಿಗೆ ತನ್ನಿ. ಎಚ್‌ಟಿಎಂಎಲ್ ಫೈಲುಗಳಲ್ಲಿ ನಿಮ್ಮ ಹೆಸರು ಎಲ್ಲೂ ಇರಬಾರದು. ಖಾನೆಗಳಿಗೆ ಏನು ಹೆಸರಿಡೋದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಜೇಸನ್ ರೆಸ್ಯೂಮ್ ಅನ್ನೋ ಮುಕ್ತ ಮಾದರಿ ಈಗಾಗಲೇ ಇದೆ. ಬೇಸಿಕ್ಸ್, ವರ್ಕ್, ಎಜುಕೇಶನ್, ಸ್ಕಿಲ್ಸ್ ಅಂತ ಅದರ ವಿಭಾಗಗಳು. ಅದೇ ಹೆಸರುಗಳನ್ನು ಬಳಸಿದರೆ ನಾಳೆ ಬೇರೆ ಥೀಮಿಗೆ ಹೋಗೋದೂ ಸುಲಭ.

ಈ ಫೈಲಿನ ಬಗ್ಗೆ ರೀಡ್‌ಮಿಯಲ್ಲಿ ಪುಟಗಟ್ಟಲೆ ಬರೆಯೋ ಬದಲು ಆ ಫೈಲಿನೊಳಗೇ, ಆಯಾ ಸಾಲಿನ ಮೇಲೇ ಕಾಮೆಂಟ್ ಬರೆಯಿರಿ. ಬದಲಿಸುವವರ ಕಣ್ಣು ಇರೋದು ಅಲ್ಲಿ. ಒಂದು ಸಣ್ಣ ಉದಾಹರಣೆ ಕೊಡ್ತೀನಿ. ನನ್ನ ಸಿಜಿಪಿಎ 8.10. ಫೈಲಿನಲ್ಲೂ 8.10 ಅಂತಲೇ ಬರೆದಿದ್ದೆ. ಸೈಟಿನಲ್ಲಿ 8.1 ಅಂತ ಬಂತು. ಟೈಪಿಂಗ್ ತಪ್ಪು ಅಂದುಕೊಂಡು ಮತ್ತೆ ಮತ್ತೆ ನೋಡಿದೆ. ಆಮೇಲೆ ಹೊಳೀತು. ಉದ್ಧರಣ ಚಿಹ್ನೆ ಹಾಕದಿದ್ದರೆ ವೈಎಎಂಎಲ್ ಅದನ್ನು ಲೆಕ್ಕದ ಸಂಖ್ಯೆ ಅಂತ ಓದುತ್ತದೆ. ಲೆಕ್ಕದಲ್ಲಿ 8.10ಕ್ಕೂ 8.1ಕ್ಕೂ ವ್ಯತ್ಯಾಸ ಇಲ್ಲ. ಮಾರ್ಕ್ಸ್ ಕಾರ್ಡ್ ಹಿಡಿದು ಕೂತ ಎಚ್‌ಆರ್‌ಗೆ ಇದೆ! ಹಾಗಾಗಿ ಆ ಸಾಲಿನ ಮೇಲೆ ಈಗ ಹೀಗೊಂದು ಕಾಮೆಂಟ್ ಇದೆ:

"ಅಂಕಗಳನ್ನು ಯಾವಾಗಲೂ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ಇಲ್ಲದಿದ್ದರೆ ಕೊನೆಯ ಸೊನ್ನೆ ಮಾಯವಾಗುತ್ತದೆ."

ಇದೇ ಜಾತಿಯ ಇನ್ನೊಂದು: ವಾಕ್ಯದ ನಡುವೆ ಕೋಲನ್ ಬಂದು ಅದರ ನಂತರ ಖಾಲಿ ಜಾಗ ಇದ್ದರೆ ಬಿಲ್ಡ್ ಮುರಿದು ಬೀಳುತ್ತದೆ. "ಪ್ರಾಜೆಕ್ಟ್: ಹಾಲಿನ ಡೈರಿ ಲೆಕ್ಕ" ಅಂತ ಶೀರ್ಷಿಕೆ ಕೊಟ್ಟವರಿಗೆ ಗೊತ್ತು ಕಷ್ಟ. ನೀವು ಯಾವ ಯಾವ ಗುಂಡಿಗೆ ಬಿದ್ದು ಎದ್ದಿರೋ ಆ ಜಾಗದಲ್ಲೆಲ್ಲ ಒಂದೊಂದು ಕಾಮೆಂಟ್ ನೆಡಿ. ಬೀಳದ ಜಾಗದಲ್ಲಿ ಬೇಡ. "ಇಲ್ಲಿ ನಿಮ್ಮ ಹೆಸರು ಬರೆಯಿರಿ" ಅಂತ ಹೆಸರಿನ ಖಾನೆಗೂ ವಿವರಣೆ ಕೊಡೋದು ಸುಮ್ನೆ ಜಾಗ ದಂಡ.

ರೆಪೊದಲ್ಲಿ ಒಂದು ಮಾದರಿ ಡೇಟಾ ಫೈಲ್ ಕೂಡ ಇಡಿ, ಕಾಲ್ಪನಿಕ ವ್ಯಕ್ತಿಯದು. ಅದರಲ್ಲಿ ಇಮೇಲ್ ಬೇಕಾದರೆ ಎಕ್ಸಾಂಪಲ್ ಡಾಟ್ ಕಾಮ್ ಬಳಸಿ. ಉದಾಹರಣೆ ಕೊಡೋಕೆ ಅಂತಲೇ ಮೀಸಲಿಟ್ಟ ಡೊಮೇನ್ ಅದು. ಬಾಯಿಗೆ ಬಂದ ವಿಳಾಸ ಬರೆದರೆ ಅದು ನಿಜವಾಗಿ ಯಾರದೋ ಆಗಿರುತ್ತದೆ.

ರೀಡ್‌ಮಿಯ ಮೊದಲ ಪರದೆ

ಈಗ ಬರೆಯೋಣ. ರೀಡ್‌ಮಿ ಓದೋರು ಮೂರು ಥರ. ಕೋಡ್ ತಗೊಳ್ಳೋಕೆ ಬಂದವರು, ನಿಮ್ಮನ್ನು ಕೆಲಸಕ್ಕೆ ತಗೊಳ್ಳೋಕೆ ಬಂದವರು, ಮತ್ತು ಮುಂದಿನ ವರ್ಷ ಕೆಲಸ ಬದಲಿಸೋ ಹೊತ್ತಿಗೆ ಎಲ್ಲ ಮರೆತು ಬರುವ ನೀವು. ಮೂವರಿಗೂ ಸ್ಕ್ರೋಲ್ ಮಾಡದೆ ಕಾಣುವ ಜಾಗದಲ್ಲಿ ವಿಷಯ ಗೊತ್ತಾಗಬೇಕು. ನನ್ನದು ಈಗ ಹೀಗೆ ಶುರುವಾಗುತ್ತದೆ:

"ಇದು ನನ್ನ ರೆಸ್ಯೂಮ್ ಸೈಟಿನ ಕೋಡ್. ಜೆಕಿಲ್‌ನಲ್ಲಿ ಕಟ್ಟಿದ್ದು, ಗಿಟ್‌ಹಬ್ ಪೇಜಸ್‌ನಲ್ಲಿ ಇದೆ. ಒಂದೇ ಪುಟ. ಪ್ರಿಂಟ್ ಕೊಟ್ಟರೆ ಎರಡು ಎ4 ಹಾಳೆಯಲ್ಲಿ ಮುಗಿಯುತ್ತದೆ.

ಕೋಡ್ ಮತ್ತು ವಿನ್ಯಾಸ ನೀವು ತಗೊಳ್ಳಬಹುದು, ಎಂಐಟಿ ಲೈಸೆನ್ಸ್. ಡೇಟಾ ಫೋಲ್ಡರಿನ ಬರಹ ಮತ್ತು ನನ್ನ ಫೋಟೊ ಆ ಲೈಸೆನ್ಸಿನಲ್ಲಿ ಸೇರಿಲ್ಲ. ಅವನ್ನು ತೆಗೆದು ನಿಮ್ಮವನ್ನು ಹಾಕಿ.

ತಗೊಳ್ಳುವ ಮೊದಲು 'ಬದಲಿಸಬೇಕಾದ ಜಾಗಗಳು' ಓದಿ. ಇಲ್ಲದಿದ್ದರೆ ನಿಮಗೆ ಬರಬೇಕಾದ ಇಂಟರ್‌ವ್ಯೂ ಕರೆ ನನಗೆ ಬರುತ್ತದೆ."

ಇದರ ಕೆಳಗೆ ಸೈಟಿನ ಲಿಂಕ್, ಒಂದು ಸ್ಕ್ರೀನ್‌ಶಾಟ್. ಸ್ಕ್ರೀನ್‌ಶಾಟನ್ನು ಮಾದರಿ ಡೇಟಾ ಹಾಕಿ ತೆಗೆಯಿರಿ, ನಿಮ್ಮ ನಿಜ ವಿವರದಲ್ಲಿ ಬೇಡ. ಫೈಲಿನಿಂದ ನಂಬರ್ ತೆಗೆದು ಸ್ಕ್ರೀನ್‌ಶಾಟ್‌ನಲ್ಲಿ ಬಿಟ್ಟ ಮಹಾಶಯ ನಾನೇ. ಬಣ್ಣಬಣ್ಣದ ಬ್ಯಾಡ್ಜ್‌ಗಳ ಸಾಲು ಬೇಡ ಅಂತ ನನಗನ್ನಿಸುತ್ತದೆ. ಒಂದು ಪುಟದ ಸೈಟಿಗೆ ಹನ್ನೆರಡು ಬ್ಯಾಡ್ಜ್ ಹಾಕೋದು ಹುಡುಗನಿಗಿಂತ ಪೇಟ ದೊಡ್ಡದಾದ ಹಾಗೆ.

ಆಮೇಲೆ "ಯಾಕೆ ಹೀಗೆ" ಅಂತ ಒಂದು ಸಣ್ಣ ಭಾಗ ಇರಲಿ, ನಾಲ್ಕೈದು ಸಾಲು. ಒಂದು ಇಂಟರ್‌ವ್ಯೂನಲ್ಲಿ ಎದುರಿಗಿದ್ದವರು ರೆಸ್ಯೂಮ್ ಪಕ್ಕಕ್ಕಿಟ್ಟು ಸೀದಾ ನನ್ನ ರೆಪೊ ತೆರೆದರು. "ರಿಯಾಕ್ಟ್ ಯಾಕೆ ಬಳಸಿಲ್ಲ?" ಅಂತ ಕೇಳಿದರು. (ರಿಯಾಕ್ಟ್ ಅಂದರೆ ವೆಬ್ ಪುಟ ಕಟ್ಟುವ ಒಂದು ಜಾವಾಸ್ಕ್ರಿಪ್ಟ್ ಲೈಬ್ರರಿ.) ತಡಬಡಾಯಿಸಿದೆ. ಈಗ ರೀಡ್‌ಮಿಯಲ್ಲೇ ಇದೆ: "ವರ್ಷಕ್ಕೆ ಎರಡು ಸಲ ಬದಲಾಗುವ ಒಂದು ಪುಟ. ಸ್ಟ್ಯಾಟಿಕ್ ಎಚ್‌ಟಿಎಂಎಲ್ ಸಾಕು. ಹಳ್ಳಿಯ ನೆಟ್‌ವರ್ಕ್‌ನಲ್ಲೂ ತೆರೆಯಬೇಕಿತ್ತು." ಬಿಟ್ಟ ದಾರಿಯನ್ನೂ ಬಿಟ್ಟ ಕಾರಣವನ್ನೂ ಬರೆದಿಡಿ. ಬಳಸಿದ ಟೂಲ್‌ಗಳ ಪಟ್ಟಿಗಿಂತ ಇದು ನಿಮ್ಮ ಬಗ್ಗೆ ಜಾಸ್ತಿ ಹೇಳುತ್ತದೆ.

ಓಡಿಸುವ ವಿಧಾನ

ಇದು ಚಿಕ್ಕದಾಗಿರಲಿ, ಆದರೆ ಒಂದೂ ಹೆಜ್ಜೆ ಬಿಡಬೇಡಿ. ಗಿಟ್ ಕ್ಲೋನ್, ಫೋಲ್ಡರ್ ಒಳಗೆ ಹೋಗೋದು, ಬಂಡಲ್ ಇನ್‌ಸ್ಟಾಲ್ (ಬೇಕಾದ ಲೈಬ್ರರಿಗಳನ್ನು ತರುವ ಕಮಾಂಡ್), ಬಂಡಲ್ ಎಕ್ಸಿಕ್ ಜೆಕಿಲ್ ಸರ್ವ್ (ಸೈಟನ್ನು ನಿಮ್ಮ ಕಂಪ್ಯೂಟರಿನಲ್ಲೇ ಓಡಿಸುವ ಕಮಾಂಡ್). ಆಮೇಲೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 4000. ಪ್ರತಿ ಕಮಾಂಡನ್ನೂ ಬೇರೆ ಬೇರೆ ಸಾಲಿನಲ್ಲಿ, ಕಾಪಿ ಮಾಡುವ ಹಾಗೆ ಕೋಡ್ ಬ್ಲಾಕ್‌ನಲ್ಲಿ ಕೊಡಿ. ಕೊನೆಗೆ ಸರಿ ಹೋದರೆ ಪರದೆ ಮೇಲೆ ಏನು ಕಾಣಬೇಕು ಅನ್ನೋದನ್ನೂ ಬರೆಯಿರಿ. ಹೊಸಬರಿಗೆ "ಸರ್ವರ್ ಓಡುತ್ತಿದೆ" ಅನ್ನೋ ಸಂದೇಶ ಬಂದು ಕರ್ಸರ್ ನಿಂತರೆ ಹ್ಯಾಂಗ್ ಆಗಿದೆ ಅನ್ನಿಸುತ್ತದೆ.

ಜೆಕಿಲ್ ಬರೆದಿರುವ ರೂಬಿ ಭಾಷೆಯ ಯಾವ ವರ್ಷನ್, ಜೆಕಿಲ್‌ನ ಯಾವ ವರ್ಷನ್ ಅಂತ ಖಂಡಿತ ಹಾಕಿ. 2020ರ ಡಿಸೆಂಬರ್‌ನಲ್ಲಿ ರೂಬಿ 3.0 ಬಂತು. ಅಲ್ಲಿಯವರೆಗೆ ರೂಬಿ ಜೊತೆಗೇ ಬರುತ್ತಿದ್ದ ವೆಬ್ರಿಕ್ ಅನ್ನೋ ಪುಟ್ಟ ಸರ್ವರನ್ನು ಅದರಿಂದ ತೆಗೆದರು. ಜೆಕಿಲ್ ಸರ್ವ್ ನಿಂತಿದ್ದೇ ಅದರ ಮೇಲೆ. ನೆನ್ನೆಯವರೆಗೆ ಓಡುತ್ತಿದ್ದ ಸೈಟ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತಾಡಲೇ ಇಲ್ಲ. ಬಂಡಲ್ ಆ್ಯಡ್ ವೆಬ್ರಿಕ್ ಅಂತ ಒಂದು ಕಮಾಂಡ್ ಕೊಟ್ಟರೆ ಸರಿಹೋಗುವ ವಿಷಯ. ಅದನ್ನು ಕಂಡುಕೊಳ್ಳೋಕೆ ನನಗೆ ಒಂದು ಭಾನುವಾರ ಹೋಯಿತು.

ತೊಂದರೆಗಳ ಭಾಗಕ್ಕೆ ಇನ್ನೆರಡು ಸೇರಿಸಿ, ಇವು ಎಲ್ಲರಿಗೂ ಆಗುತ್ತವೆ. ಒಂದು, ಕಾನ್ಫಿಗ್ ಫೈಲ್ ಬದಲಿಸಿದರೆ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಬೇರೆ ಫೈಲುಗಳ ಹಾಗೆ ಅದು ತಾನಾಗಿ ಬದಲಾವಣೆ ಹಿಡಿಯೋದಿಲ್ಲ. ಇನ್ನೊಂದು ಅದೇ ಕಾನ್ಫಿಗ್ ಫೈಲಿನ ಬೇಸ್ ಯುಆರ್‌ಎಲ್, ಅಂದರೆ ಸೈಟಿನ ವಿಳಾಸದಲ್ಲಿ ಡೊಮೇನ್ ಆದ ಮೇಲೆ ಬರುವ ಭಾಗ. ರೆಪೊ ಹೆಸರು ನಿಮ್ಮ ಯೂಸರ್‌ನೇಮ್ ಡಾಟ್ ಗಿಟ್‌ಹಬ್ ಡಾಟ್ ಐಒ ಅಂತ ಇದ್ದರೆ ಅದು ಖಾಲಿ ಇರಬೇಕು. ರೆಪೊ ಹೆಸರು ಬರೀ ರೆಸ್ಯೂಮ್ ಅಂತ ಇದ್ದರೆ ಅಲ್ಲಿ ಓರೆಗೆರೆ ಹಾಕಿ ರೆಸ್ಯೂಮ್ ಅಂತ ಬರೆಯಬೇಕು. ತಪ್ಪಿದರೆ ಏನಾಗುತ್ತದೆ ಗೊತ್ತಾ? ಸೈಟ್ ಬರುತ್ತದೆ, ಆದರೆ ಬಟ್ಟೆ ಇಲ್ಲದೆ ಬರುತ್ತದೆ. ಸಿಎಸ್‌ಎಸ್ ಸಿಗದೆ ಬರೀ ಅಕ್ಷರ.

ಬದಲಿಸಬೇಕಾದ ಜಾಗಗಳು

ರೀಡ್‌ಮಿಯ ಜೀವ ಇರೋದೇ ಈ ಭಾಗದಲ್ಲಿ. ಡೇಟಾ ಫೈಲ್ ಬಿಟ್ಟು ಇನ್ನೂ ಎಲ್ಲೆಲ್ಲಿ ನೀವು ಅಡಗಿ ಕೂತಿದ್ದೀರಿ ಅಂತ ಹುಡುಕಿ ಬರೆಯಬೇಕು. ನನ್ನ ಸೈಟಿನಲ್ಲಿ ಸಿಕ್ಕವು ಇವು.

ಕಾಂಟ್ಯಾಕ್ಟ್ ಫಾರ್ಮ್. ತುಂಬಿದ ಫಾರ್ಮನ್ನು ಇಮೇಲ್‌ಗೆ ಕಳಿಸುವ ಫಾರ್ಮ್‌ಸ್ಪ್ರೀ ಥರದ ಸೇವೆ ಬಳಸಿದರೆ ಎಚ್‌ಟಿಎಂಎಲ್‌ನಲ್ಲಿ ನಿಮ್ಮದೊಂದು ವಿಳಾಸ ಇರುತ್ತದೆ. ನಕಲು ಮಾಡಿದವರು ಅದನ್ನು ಬಿಟ್ಟರೆ ಅವರಿಗೆ ಬಂದ ಸಂದೇಶವೆಲ್ಲ ನಿಮ್ಮ ಇನ್‌ಬಾಕ್ಸ್‌ಗೆ. ಇದರಲ್ಲಿ ನಷ್ಟ ಅವರಿಗೇ ಜಾಸ್ತಿ. ಅದನ್ನು ರೀಡ್‌ಮಿಯಲ್ಲಿ ಹಾಗೇ ಹೇಳಿ, ತಕ್ಷಣ ಬದಲಿಸುತ್ತಾರೆ.

ಗೂಗಲ್ ಅನಲಿಟಿಕ್ಸ್ ಐಡಿ. ಇದು ಗುಟ್ಟಿನ ವಿಷಯ ಅಲ್ಲ, ಯಾವ ಸೈಟಿನ ಸೋರ್ಸ್ ನೋಡಿದರೂ ಕಾಣುತ್ತದೆ. ಆದರೆ ನಕಲಿನ ಜೊತೆ ಹೋದರೆ ಅವರ ಸೈಟಿಗೆ ಬಂದವರ ಲೆಕ್ಕ ನಿಮ್ಮ ಖಾತೆಗೆ ಸೇರುತ್ತದೆ. ನನ್ನ ಸೈಟಿಗೆ ಇದ್ದಕ್ಕಿದ್ದಂತೆ ಬೇರೆ ಊರುಗಳಿಂದ ಜನ ಬರುತ್ತಿದ್ದಾರೆ ಅಂತ ಒಂದು ವಾರ ಬೀಗಿದ್ದೆ. ಆ ಜಾವಾ ಡೆವಲಪರ್‌ನ ಪುಣ್ಯ ಅದು. ಐಡಿಯನ್ನು ಕಾನ್ಫಿಗ್ ಫೈಲಿಗೆ ತಂದು, ಅದು ಖಾಲಿ ಇದ್ದರೆ ಆ ಸ್ಕ್ರಿಪ್ಟೇ ಬರದ ಹಾಗೆ ಮಾಡಿ.

ಸಿನೇಮ್ ಫೈಲ್. ಸ್ವಂತ ಡೊಮೇನ್ ಇಟ್ಟುಕೊಂಡವರ ರೆಪೊದಲ್ಲಿ ಸಾಮಾನ್ಯವಾಗಿ ಈ ಹೆಸರಿನ ಸಣ್ಣ ಫೈಲ್ ಇರುತ್ತದೆ, ಒಳಗೆ ಡೊಮೇನ್ ಹೆಸರು ಮಾತ್ರ. ನಕಲಿನಲ್ಲಿ ಅದು ಉಳಿದರೆ ಅವರ ಸೈಟ್ ಸರಿಯಾಗಿ ಬರೋದಿಲ್ಲ, ಯಾಕೆ ಅಂತ ಗೊತ್ತೂ ಆಗೋದಿಲ್ಲ. "ಮೊದಲು ಇದನ್ನು ಡಿಲೀಟ್ ಮಾಡಿ" ಅಂತ ಬರೆಯಿರಿ. ನಿಮಗೂ ಒಂದು ಎಚ್ಚರಿಕೆ ಇದೆ. ಮೇಲೆ ಹೇಳಿದ ಹಾಗೆ ಹಳೆಯ ರೆಪೊ ಡಿಲೀಟ್ ಮಾಡಿ ಹೊಸದು ಮಾಡುವಾಗ ಡೊಮೇನ್ ಇನ್ನೂ ಗಿಟ್‌ಹಬ್ ಕಡೆ ತಿರುಗಿದ್ದರೆ, ನಡುವಿನ ಹೊತ್ತಿನಲ್ಲಿ ಬೇರೆಯವರು ಅದನ್ನು ತಮ್ಮ ರೆಪೊಗೆ ಕಟ್ಟಿಕೊಳ್ಳಬಹುದು. ನಿಮ್ಮ ಖಾತೆಯ ಸೆಟ್ಟಿಂಗ್ಸ್‌ನ ಪೇಜಸ್ ಭಾಗದಲ್ಲಿ ಡೊಮೇನ್ ವೆರಿಫೈ ಮಾಡಿಟ್ಟರೆ ಈ ಭಯ ಇಲ್ಲ.

ವಾಟ್ಸ್ಆ್ಯಪ್ ಮುನ್ನೋಟದ ಚಿತ್ರ. ಲಿಂಕ್ ಕಳಿಸಿದಾಗ ಪುಟ್ಟ ಚೌಕದಲ್ಲಿ ಫೋಟೊ ಬರುತ್ತದಲ್ಲ, ಅದು ಪುಟದ ತಲೆಯಲ್ಲಿರುವ ಓಪನ್ ಗ್ರಾಫ್ ಟ್ಯಾಗ್‌ನಿಂದ ಬರೋದು. ಅದನ್ನು ಬದಲಿಸದಿದ್ದರೆ ಅವರ ರೆಸ್ಯೂಮ್ ಲಿಂಕ್ ಕೆಳಗೆ ನಿಮ್ಮ ಮುಖ.

ಇಷ್ಟೆಲ್ಲ ಬರೆದ ಮೇಲೆ ರೆಪೊ ಸೆಟ್ಟಿಂಗ್ಸ್‌ನಲ್ಲಿ ಟೆಂಪ್ಲೇಟ್ ರೆಪೊಸಿಟರಿ ಅನ್ನೋ ಚೌಕಕ್ಕೆ ಟಿಕ್ ಹಾಕಿ. ಆಗ ಬಂದವರಿಗೆ ಫೋರ್ಕ್ ಮಾಡುವ ಬದಲು ಟೆಂಪ್ಲೇಟ್ ಬಳಸುವ ಬಟನ್ ಕಾಣುತ್ತದೆ. ಅದರಲ್ಲಿ ಫೈಲುಗಳು ಮಾತ್ರ ಹೋಗುತ್ತವೆ, ನಿಮ್ಮ ಹಳೆಯ ಕಮಿಟ್‌ಗಳು ಹೋಗೋದಿಲ್ಲ. ರೆಸ್ಯೂಮ್ ಸೈಟಿಗೆ ಇದೇ ಸರಿ. ಫೋರ್ಕ್ ಮಾಡಿದರೆ ನಿಮ್ಮ ಹಳೆಯ ಕಮಿಟ್‌ಗಳೂ ಅವರ ರೆಪೊಗೆ ಹೋಗುತ್ತವೆ. ಅದು ಅವರಿಗೂ ಬೇಡ.

ಲೈಸೆನ್ಸ್

ಕೋಡ್ ಪಬ್ಲಿಕ್ ಇದೆ ಅಂದ ಮಾತ್ರಕ್ಕೆ ಯಾರು ಬೇಕಾದರೂ ಬಳಸಬಹುದು ಅಂತ ಅರ್ಥ ಅಲ್ಲ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಪೂರ್ತಿ ಹಕ್ಕು ಬರೆದವರದ್ದೇ. ಗಿಟ್‌ಹಬ್‌ನಲ್ಲಿ ನೋಡಬಹುದು, ಫೋರ್ಕ್ ಒತ್ತಬಹುದು, ಅದರಾಚೆಗೆ ಅನುಮತಿ ಇಲ್ಲ. ಕೋಡ್ ಕೊಡುವ ಮನಸ್ಸಿದ್ದರೆ ಎಂಐಟಿ ಲೈಸೆನ್ಸ್ ಹಾಕಿ, ಒಂದೇ ಪುಟದ್ದು, ಎಲ್ಲರಿಗೂ ಗೊತ್ತಿರೋದು. ಆದರೆ ಸುಮ್ನೆ ಎಂಐಟಿ ಹಾಕಿ ಬಿಟ್ಟರೆ ನಿಮ್ಮ ಫೋಟೊ, ನಿಮ್ಮ ಬಗ್ಗೆ ಬರೆದ ನಾಲ್ಕು ಸಾಲು ಎಲ್ಲ ಅದರಲ್ಲೇ ಸೇರಿತು ಅಂತ ಯಾರಾದರೂ ವಾದ ಮಾಡಬಹುದು. ಯಾವ ಫೋಲ್ಡರ್ ಸೇರಿಲ್ಲ ಅಂತ ಹೆಸರು ಹಿಡಿದು ಬರೆಯಿರಿ.

ಇನ್ನು ನೀವೇ ಬೇರೆಯವರ ಟೆಂಪ್ಲೇಟ್ ತಂದಿದ್ದರೆ? ಎಚ್‌ಟಿಎಂಎಲ್5 ಅಪ್ ಅನ್ನೋ ಉಚಿತ ಟೆಂಪ್ಲೇಟ್ ಸೈಟಿನ ವಿನ್ಯಾಸಗಳು ಕ್ರಿಯೇಟಿವ್ ಕಾಮನ್ಸ್ ಆ್ಯಟ್ರಿಬ್ಯೂಶನ್ 3.0ರಲ್ಲಿ ಇವೆ. ಅಂದರೆ ಅವರ ಹೆಸರು ಉಳಿಸಲೇಬೇಕು. ಪುಟದ ಅಡಿಯ ಆ ಸಾಲನ್ನು ಮೊದಲು ಕಿತ್ತು ಹಾಕೋದೇ ನಮ್ಮ ಅಭ್ಯಾಸ, ಅಲ್ವಾ? ಸ್ಟಾರ್ಟ್ ಬೂಟ್‌ಸ್ಟ್ರ್ಯಾಪ್‌ನ ರೆಸ್ಯೂಮ್ ಥೀಮ್ ಎಂಐಟಿ. ಅದರಲ್ಲೂ ಮೂಲ ಹಕ್ಕಿನ ಸೂಚನೆ ಉಳಿಯಬೇಕು. ಫಾಂಟ್ ಆಸಮ್ ಅನ್ನೋ ಸಂಗ್ರಹದ ಉಚಿತ ಐಕಾನ್‌ಗಳಿಗೆ ಕ್ರಿಯೇಟಿವ್ ಕಾಮನ್ಸ್ ಆ್ಯಟ್ರಿಬ್ಯೂಶನ್ 4.0, ಅದರ ಫಾಂಟ್ ಫೈಲಿಗೆ ಓಪನ್ ಫಾಂಟ್ ಲೈಸೆನ್ಸ್. ಇವನ್ನೆಲ್ಲ "ಋಣ" ಅಂತ ಒಂದು ಭಾಗ ಮಾಡಿ ಬರೆದುಬಿಡಿ. ಐದು ನಿಮಿಷದ ಕೆಲಸ.

ಸೈಟಿನಲ್ಲಿ ಕನ್ನಡವೂ ಇದ್ದರೆ

ನನ್ನ ಸೈಟಿಗೆ ಕನ್ನಡ ಪುಟವೂ ಇದೆ. ಹಾಗಾಗಿ ಮೂರು ಸಾಲು ಜಾಸ್ತಿ ಬರೆಯಬೇಕಾಯಿತು. ಪುಟದ ಭಾಷಾ ಗುರುತು ಕೆಎನ್ ಅಂತ ಇರಬೇಕು, ಇಲ್ಲದಿದ್ದರೆ ಪರದೆ ಓದುವ ಸಾಫ್ಟ್‌ವೇರ್ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದೋಕೆ ಹೋಗಿ ಎಡವಬಹುದು. ಫಾಂಟ್ ನೋಟೊ ಸಾನ್ಸ್ ಕನ್ನಡ, ಅದನ್ನು ರೆಪೊದಲ್ಲಿ ಇಟ್ಟರೆ ಲೈಸೆನ್ಸ್ ಫೈಲನ್ನೂ ಪಕ್ಕದಲ್ಲೇ ಇಡಿ. ಮೂರನೆಯದು ಹಳೇ ಕಾಟ: ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಡೇಟಾ ಫೈಲಿಗೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಬೀಳುತ್ತದೆ. ಯೂನಿಕೋಡ್‌ಗೆ ಬದಲಿಸಿಯೇ ಅಂಟಿಸಬೇಕು. ಪಿಡಿಎಫ್ ಮಾಡಿದ ಮೇಲೆ ಅದರಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಒತ್ತಕ್ಷರ ಚೆಲ್ಲಾಪಿಲ್ಲಿ ಆಗಿದ್ದರೆ ಸರ್ಚ್‌ಗೂ ಅದು ಸಿಗೋದಿಲ್ಲ.

ರೀಡ್‌ಮಿ ಯಾವ ಭಾಷೆಯಲ್ಲಿರಬೇಕು? ಮುಖ್ಯ ಫೈಲ್ ಇಂಗ್ಲಿಷಿನಲ್ಲಿರಲಿ, ಕನ್ನಡದ್ದು ಪಕ್ಕದಲ್ಲಿ ಇನ್ನೊಂದು ಫೈಲಾಗಿ ಇರಲಿ, ಮೊದಲ ಸಾಲಲ್ಲೇ ಅದಕ್ಕೆ ಲಿಂಕ್ ಕೊಡಿ. ಎರಡನ್ನೂ ಒಂದೇ ಫೈಲಿನಲ್ಲಿ ಹಾಕಿದ್ದೆ. ಯಾರೂ ಕೆಳಗಿನವರೆಗೆ ಬರಲಿಲ್ಲ.

ಬೇರೆಯವರ ಕೈಗೆ ಕೊಟ್ಟು ನೋಡಿ

ಬರೆದವರಿಗೆ ತಮ್ಮ ರೀಡ್‌ಮಿಯ ತಪ್ಪು ಕಾಣೋದಿಲ್ಲ. ಕೈಗೆ ಅಭ್ಯಾಸ ಇರೋ ಹೆಜ್ಜೆಯನ್ನು ತಲೆ ಹೆಜ್ಜೆ ಅಂತ ಎಣಿಸೋದೇ ಇಲ್ಲ. ಯಾವುದೂ ಇನ್‌ಸ್ಟಾಲ್ ಆಗದ ಲ್ಯಾಪ್‌ಟಾಪ್ ಇರುವ ಒಬ್ಬರನ್ನು ಹಿಡಿಯಿರಿ. ರೀಡ್‌ಮಿ ಕೊಡಿ. ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಸಾಲು ಕಮ್ಮಿ ಇದೆ ಅಂತ ಅರ್ಥ.

ನನಗೆ ಸಿಕ್ಕಿದ್ದು ಚಿಕ್ಕಪ್ಪನ ಮಗಳು, ಬಿಸಿಎ ಎರಡನೇ ವರ್ಷ. ದೀಪಾವಳಿಗೆ ಊರಿಗೆ ಹೋದಾಗ ಜಗಲಿ ಮೇಲೆ ಕೂರಿಸಿದೆ. ಮೊದಲ ಎರಡು ಕಮಾಂಡ್ ಸರಿಹೋದವು. ಮೂರನೆಯದಕ್ಕೇ ತಲೆ ಎತ್ತಿದಳು. "ಅಣ್ಣಾ, ಬಂಡಲ್ ಅಂದ್ರೆ ಎಲ್ಲಿ ಸಿಗುತ್ತೆ?" ರೂಬಿ ಇನ್‌ಸ್ಟಾಲ್ ಮಾಡಬೇಕು ಅಂತಲೇ ನಾನು ಬರೆದಿರಲಿಲ್ಲ! ವರ್ಷನ್ ನಂಬರ್ ಕೊಟ್ಟಿದ್ದೆ, ಅದನ್ನು ತರೋದು ಎಲ್ಲಿಂದ ಅಂತ ಹೇಳಿರಲಿಲ್ಲ. ವಿಂಡೋಸ್‌ಗೆ ರೂಬಿ ಇನ್‌ಸ್ಟಾಲರ್ ಬೇಕು, ಅದರಲ್ಲೂ ಡೆವ್‌ಕಿಟ್ ಇರುವುದು ಬೇಕು. ಬರೆದುಕೊಂಡೆ. ಹತ್ತು ನಿಮಿಷ ಬಿಟ್ಟು ಮತ್ತೆ, "ಇದು ಓಡ್ತಾ ಇದೆಯಾ, ನಿಂತಿದೆಯಾ?" ಅದನ್ನೂ ಬರೆದುಕೊಂಡೆ. ಮೇಲೆ ಪರದೆಯಲ್ಲಿ ಏನು ಕಾಣಬೇಕು ಬರೆಯಿರಿ ಅಂದೆನಲ್ಲ, ಅದು ಅವಳು ಕಲಿಸಿದ್ದು.

ಸಂಜೆ ಕಾಫಿ ಹೊತ್ತಿಗೆ ಅವಳ ಸೈಟ್ ಮೇಲೆ ಬಂತು. ಫಾರ್ಮ್ ಅವಳದ್ದು, ಫೋಟೊ ಅವಳದ್ದು, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅವಳದ್ದೇ ಮುಖ. ಚಿಕ್ಕಮ್ಮನಿಗೆ ತೋರಿಸೋಣ ಅಂತ ಅವರ ಫೋನಿನಲ್ಲಿ ವಿಳಾಸ ಟೈಪ್ ಮಾಡುವಾಗ ಕೊನೆಯಲ್ಲಿ ಒಂದು ಅಕ್ಷರ ತಪ್ಪಿತು. ಪುಟ ಸಿಗಲಿಲ್ಲ ಅನ್ನೋ 404 ಪುಟ ತೆರೆಯಿತು. ಅದರಲ್ಲಿ ನಾನು ಮೂರು ವರ್ಷದ ಹಿಂದೆ ಬರೆದಿದ್ದ ಜೋಕು, ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು.

"ಇದೇನು, ಇವನ ರೆಸ್ಯೂಮ್ ನನ್ನ ಫೋನಲ್ಲಿ ಯಾಕೆ ಬಂತು?" ಅಂತ ಚಿಕ್ಕಮ್ಮ ಮಗಳನ್ನು ಕೇಳಿದರು. ನಾನು ಲ್ಯಾಪ್‌ಟಾಪ್ ತೆರೆದು ಬದಲಿಸಬೇಕಾದ ಜಾಗಗಳ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದೆ.